ಕುರಿ ಮೈ ಉಜ್ಜುವುದು ಯಾಕೆ?



ಇವತ್ತು ನಾವು ಮಾತಾಡೋದು ಕುರಿಯ ಕಜ್ಜಿ ಬಗ್ಗೆ.

"ಅದರಲ್ಲಿ ಹೊಸದೇನಿದೆ? ಹುಟ್ಟಿದಾಗಿನಿಂದ ನೋಡ್ತಾ ಇದ್ದೀವಿ" ಅಂತ ನೀವು ಅನ್ನಬಹುದು. ನಿಜ. ಕಜ್ಜಿ ಹತ್ತಿದ ಕುರಿ ಹೇಗಿರುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಗೂಟಕ್ಕೆ, ಗೋಡೆಗೆ, ಬೇಲಿಗೆ ಮೈ ಉಜ್ಜುತ್ತದೆ. ಹಿಂಗಾಲಿನಿಂದ ಕೆರೆದುಕೊಳ್ಳುತ್ತದೆ. ಬಾಯಿ ಹಾಕಿ ತನ್ನ ತುಪ್ಪಟವನ್ನು ತಾನೇ ಕಿತ್ತುಕೊಳ್ಳುತ್ತದೆ. ಮೇವಿಗೆ ಬಾಯಿ ಇಡುವಷ್ಟರಲ್ಲಿ ಮತ್ತೆ ತುರಿಕೆ. ಮೈ ಇಳಿದುಹೋಗುತ್ತದೆ. ಹಾಲು ಕಡಿಮೆಯಾಗಿ ಮರಿ ಸೊರಗುತ್ತದೆ.

ಇದೆಲ್ಲ ಹೊರಗೆ ಕಾಣುವುದು. ಚರ್ಮದ ಒಳಗೆ ಏನು ನಡೆಯುತ್ತಾ ಇರುತ್ತದೆ? ಇವತ್ತು ಅದನ್ನು ನೋಡೋಣ. ಅದು ತಿಳಿಯದೆ ಔಷಧಿಗೆ ದುಡ್ಡು ಸುರಿದವರನ್ನು ನಾವು ಬಹಳ ಕಂಡಿದ್ದೇವೆ.

ಒಂದು ಹಟ್ಟಿಯಲ್ಲಿ ಒಬ್ಬ ತಾಯಿ ನಮಗೆ ಹೇಳಿದ ಮಾತು ಕೇಳಿ. ಆಕೆಗೆ 22 ಕುರಿ. ಸಂಘದ ಸಾಲದಲ್ಲಿ ಕೊಂಡದ್ದೇ ಹೆಚ್ಚು. ಗಂಡ ದೊಡ್ಡ ಮಂದೆ ಹೊಡೆದುಕೊಂಡು ದೂರ ಹೋಗಿದ್ದ. ಮನೆ ಹತ್ತಿರ ಇದ್ದ ಕುರಿ, ಮರಿ, ಎಲ್ಲಾ ಆಕೆಯದೇ ಜವಾಬ್ದಾರಿ. ಸಂತೆಯಿಂದ ತಂದ ಒಂದು ಕುರಿ ಮೈ ಉಜ್ಜಲು ಶುರು ಮಾಡಿತು. ಆಕೆ ಸುಮ್ಮನೆ ಕೂರಲಿಲ್ಲ. ಸೂಜಿ ಹಾಕಿಸಿದಳು. ಆ ಒಂದು ಕುರಿಗೆ, ಒಂದು ಸಲ. ಒಂದು ತಿಂಗಳು ಕಳೆಯುವುದರಲ್ಲಿ ಒಂಬತ್ತು ಕುರಿ ಉಜ್ಜುತ್ತಿದ್ದವು. ನಾಲ್ಕನ್ನು ಬಂದಷ್ಟಕ್ಕೆ ಮಾರಿದಳು.

"ಸೂಜಿ ಹಾಕ್ಸಿದೆ, ದುಡ್ಡು ಕೊಟ್ಟೆ. ಆದ್ರೂ ಯಾಕೆ ಹೋಗ್ಲಿಲ್ಲ ಕಣಮ್ಮ? ಯಾರ ಕಣ್ಣು ಬಿತ್ತೋ ಏನೋ" ಎಂದಳು.

ಕಣ್ಣು ಬಿದ್ದದ್ದಲ್ಲ. ಆಕೆಯ ಪ್ರಶ್ನೆಗೆ ಉತ್ತರ ಕುರಿಯ ಚರ್ಮದಲ್ಲೇ ಇತ್ತು. ಇದು ಒಬ್ಬಿಬ್ಬರ ಕಷ್ಟವೂ ಅಲ್ಲ. 2019ರ ಜಾನುವಾರು ಗಣತಿಯಲ್ಲಿ ನಮ್ಮ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿದ್ದವು. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಮ್ಮಲ್ಲೇ ಹೆಚ್ಚು. ಅಷ್ಟು ಮನೆಗಳ ಗಂಟು ಕುರಿಯ ಮೈಮೇಲೆ ಇದೆ.

ಈಗ ಕಜ್ಜಿ ತರುವ ಪ್ರಾಣಿಯ ಪರಿಚಯ ಮಾಡಿಕೊಳ್ಳೋಣ. ಅದರ ಹೆಸರು ನುಸಿ.

ನುಸಿ ಅನ್ನೋ ಹೆಸರು ನೀವು ಕೇಳಿರುತ್ತೀರಿ. 1990ರ ದಶಕದ ಕೊನೆಗೆ ತೆಂಗಿನ ಕಾಯಿಗೆ ನುಸಿ ಬಂದು ಕಾಯಿ ಕಿರಿದಾಗಿ ಹೋಗಿದ್ದು ತೋಟ ಇದ್ದವರಿಗೆಲ್ಲ ನೆನಪಿದೆ. ಆ ನುಸಿ ಬೇರೆ, ಈ ನುಸಿ ಬೇರೆ. ಇದು ಹೇನಿನ ಜಾತಿಯೂ ಅಲ್ಲ. ಹೇನಿಗೆ ಆರು ಕಾಲು. ಬೆಳೆದ ನುಸಿಗೆ ಎಂಟು ಕಾಲು. ಉಣುಗು, ಜೇಡ ಇವೆಲ್ಲ ನುಸಿಯ ನೆಂಟರು. ಕುರಿ ನುಸಿ ಎಷ್ಟು ದೊಡ್ಡದು? ರಾಗಿ ಕಾಳಿನ ಅರ್ಧ ಅಂದುಕೊಳ್ಳಿ. ದೊಡ್ಡ ಹೆಣ್ಣು ನುಸಿ ಕೂಡ ಒಂದು ಮಿಲಿಮೀಟರ್ ಮುಟ್ಟುವುದಿಲ್ಲ.

ಕುರಿಗೆ ಕಜ್ಜಿ ತರುವ ನುಸಿಯಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಚರ್ಮದ ಮೇಲೆಯೇ ವಾಸ ಮಾಡುತ್ತದೆ. ತುಪ್ಪಟ ಇರುವ ಕಡೆ, ಬೆನ್ನು, ಹೆಗಲು, ಪಕ್ಕೆ ಇವು ಅದಕ್ಕೆ ಇಷ್ಟ. ಇದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಸೊರಾಪ್ಟಿಸ್. ಇನ್ನೊಂದು ಚರ್ಮದ ಒಳಗೆ ಸುರಂಗ ಕೊರೆದು ಇರುತ್ತದೆ. ಮುಖ, ಕಿವಿ, ಕಾಲು ಹೀಗೆ ತುಪ್ಪಟ ಇಲ್ಲದ ಕಡೆ ಬರುತ್ತದೆ. ಇದು ಸಾರ್ಕಾಪ್ಟಿಸ್. ಹೆಸರು ಕಷ್ಟ ಅನ್ನಿಸಿದರೆ ಬಿಡಿ. ಮೇಲಿನ ನುಸಿ, ಕೊರೆಯುವ ನುಸಿ ಅನ್ನೋಣ. ಮೊದಲು ಮೇಲಿನ ನುಸಿಯ ಮಾತು.

ಹೆಣ್ಣು ನುಸಿ ದಿನಕ್ಕೆ ಒಂದೆರಡು ಮೊಟ್ಟೆ ಇಡುತ್ತದೆ. ಸುಮಾರು 40 ದಿನ ಬದುಕುತ್ತದೆ. ಅದರ ಮೊಟ್ಟೆ ಒಡೆದು, ಮರಿ ಬೆಳೆದು, ಅದೂ ಮೊಟ್ಟೆ ಇಡುವ ತಾಯಿ ಆಗಲು ಎರಡು ವಾರದ ಆಸುಪಾಸು ಸಾಕು. ಲೆಕ್ಕ ಕಲಿತಿದ್ದೀರಲ್ಲ, ನೀವೇ ಹಾಕಿ ನೋಡಿ. ಒಂದು ತಿಂಗಳಿಗೆ ಎಷ್ಟು, ಎರಡು ತಿಂಗಳಿಗೆ ಎಷ್ಟು!

ಈಗ ಚರ್ಮಕ್ಕೆ ಬರೋಣ.

ನಮ್ಮ ಮೈ, ಕುರಿಯ ಮೈ, ಮರದ ಎಲೆ ಎಲ್ಲ ಆಗಿರುವುದು ಜೀವಕೋಶಗಳಿಂದ. ಗೋಡೆಗೆ ಇಟ್ಟಿಗೆ ಹೇಗೋ ಮೈಗೆ ಜೀವಕೋಶ ಹಾಗೆ. ಆದರೆ ಇಟ್ಟಿಗೆಗೆ ಜೀವ ಇಲ್ಲ. ಇದಕ್ಕೆ ಜೀವ ಇದೆ. ಇದು ತಿನ್ನುತ್ತದೆ, ಬೆಳೆಯುತ್ತದೆ, ಒಂದು ಎರಡಾಗುತ್ತದೆ, ಕೊನೆಗೆ ಸಾಯುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ. ಸೂಕ್ಷ್ಮದರ್ಶಕ ಬೇಕು.

ಚರ್ಮದ ಜೀವಕೋಶಗಳು ಸಾಲು ಸಾಲಾಗಿ, ಒಂದರ ಮೇಲೊಂದು ಇರುತ್ತವೆ. ಅಡಿಯ ಸಾಲಿನಲ್ಲಿ ಹೊಸವು ಹುಟ್ಟುತ್ತವೆ. ಹುಟ್ಟಿದವು ನಿಧಾನವಾಗಿ ಮೇಲಕ್ಕೆ ಸರಿಯುತ್ತವೆ. ಮೇಲೆ ಬರುತ್ತಾ ಬರುತ್ತಾ ಚಪ್ಪಟೆಯಾಗಿ, ಒಣಗಿ, ಸತ್ತು, ಹೊಟ್ಟಿನ ಹಾಗೆ ಉದುರುತ್ತವೆ. ಸ್ನಾನ ಮಾಡುವಾಗ ಮೈ ಉಜ್ಜಿದರೆ ಬರುವ ಮಣ್ಣಿನಲ್ಲಿ ಇದೂ ಇರುತ್ತದೆ. ತುಪ್ಪಟದ ಕೆಳಗಿರುವ ಕುರಿಯ ಚರ್ಮ ಬಹಳ ತೆಳು. ಹೊರಗೆ ಅಷ್ಟು ದಪ್ಪ ಕಂಬಳಿ ಹೊದ್ದಿರುವ ಪ್ರಾಣಿಗೆ ಒಳಗಿನ ಚರ್ಮ ತೆಳುವಾಗಿದ್ದರೂ ನಡೆಯುತ್ತದೆ ನೋಡಿ.

ಈ ಜೀವಕೋಶಗಳು ಸುಮ್ಮನೆ ಮೈ ಮುಚ್ಚಿಕೊಂಡು ಇರುತ್ತವೆ ಎಂದು ಹಿಂದೆ ತಿಳಿದಿದ್ದರು. ಹಾಗಲ್ಲ. ಇವು ಕಾವಲು ಕಾಯುತ್ತವೆ. ಹೊರಗಿನದು ಏನಾದರೂ ಬಂದು ಮುಟ್ಟಿದರೆ ಇವಕ್ಕೆ ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ಒಳಗೆ ಸುದ್ದಿ ಕಳಿಸುತ್ತವೆ. ಹೇಗೆ? ಬಾಯಿ ಇಲ್ಲ, ಕೂಗಲು ಬರುವುದಿಲ್ಲ. ಒಂದು ಬಗೆಯ ರಸವನ್ನು ಹೊರಗೆ ಬಿಡುತ್ತವೆ. ಆ ರಸ ರಕ್ತನಾಳದವರೆಗೆ ಹೋಗುತ್ತದೆ. ನೀವು ಮಗನ ಕೈಯಲ್ಲಿ ಚೀಟಿ ಬರೆದು ಕಳಿಸುತ್ತೀರಲ್ಲ, ಹಾಗೆ. "ಇಲ್ಲಿ ಯಾರೋ ಬಂದಿದ್ದಾರೆ, ಬೇಗ ಬನ್ನಿ" ಎಂಬ ಚೀಟಿ.

ಆ ಚೀಟಿ ಯಾವಾಗ ಹೋಗುತ್ತದೆ? ನುಸಿ ಕಚ್ಚಿದಾಗ ಎಂದು ನೀವು ಹೇಳಬಹುದು. ಮೇಲಿನ ನುಸಿ ಸೊಳ್ಳೆಯ ಹಾಗೆ ಚುಚ್ಚಿ ರಕ್ತ ಹೀರುವುದಿಲ್ಲ. ಅದರ ಬಾಯಿ ಅಷ್ಟು ಆಳಕ್ಕೆ ಹೋಗುವುದಿಲ್ಲ. ಚರ್ಮದ ಮೇಲೆ ಓಡಾಡುತ್ತದೆ, ಕೆರೆಯುತ್ತದೆ, ನೆಕ್ಕುತ್ತದೆ. ಜೊತೆಗೆ ಹಿಕ್ಕೆ ಹಾಕುತ್ತದೆ. ದೊಡ್ಡ ತೊಂದರೆ ಆ ಹಿಕ್ಕೆಯಲ್ಲೇ ಇದೆ.

ನುಸಿಯ ಹಿಕ್ಕೆಯಲ್ಲಿ ಅದರ ಹೊಟ್ಟೆಯ ಅರಗಿಸುವ ರಸ ಉಳಿದಿರುತ್ತದೆ. ಬಲಿತ ಮಾಂಸ ಬೇಯಿಸುವಾಗ ಪರಂಗಿ ಕಾಯಿಯ ಚೂರು ಹಾಕುತ್ತೀರಲ್ಲ? ಪರಂಗಿ ಹಾಲಿನಲ್ಲಿರುವ ರಸ ಮಾಂಸವನ್ನು ಬಿಡಿಸಿ ಮೆತ್ತಗೆ ಮಾಡುತ್ತದೆ. ಅದೇ ಹಾಲು ಕೈಗೆ ತಗುಲಿದರೆ ತುರಿಸುತ್ತದೆ, ಉರಿಯುತ್ತದೆ. ನುಸಿಯ ಹಿಕ್ಕೆಯಲ್ಲಿರುವ ಒಂದು ರಸ ಅದೇ ಮನೆತನದ್ದು. ಇದು ಹೋಲಿಕೆಗೆ ಹೇಳಿದ ಮಾತಲ್ಲ, ವಿಜ್ಞಾನಿಗಳು ಎರಡನ್ನೂ ಒಂದೇ ಗುಂಪಿಗೆ ಸೇರಿಸಿದ್ದಾರೆ. ಅದು ಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಕೊಂಡಿರುವ ಗಾರೆಯನ್ನು ಸಡಿಲ ಮಾಡುತ್ತದೆ. ಜೀವಕೋಶಕ್ಕೆ ಎಚ್ಚರವಾಗುತ್ತದೆ. ಚೀಟಿ ಹೊರಡುತ್ತದೆ.

(ಮನೆಯ ಧೂಳಿನಲ್ಲಿ, ಹಾಸಿಗೆಯಲ್ಲಿ ಇರುವ ನುಸಿಯೂ ಇದರ ದೂರದ ನೆಂಟ. ಅದರ ಹಿಕ್ಕೆಯಲ್ಲೂ ಇಂಥದೇ ರಸ ಇದೆ. ಕೆಲವರಿಗೆ ಉಬ್ಬಸ ಬರುವುದಕ್ಕೆ ಅದೂ ಒಂದು ಕಾರಣ. ಹಾಸಿಗೆ ಬಿಸಿಲಿಗೆ ಹಾಕಿ ಅಂತ ಹೇಳೋದು ಸುಮ್ಮನೆ ಅಲ್ಲ.)

ಚೀಟಿ ಓದಿದವರು ಯಾರು? ರಕ್ತದಲ್ಲಿರುವ ಬಿಳಿ ಕಣಗಳು. ಇವು ಮೈಯ ಸೈನಿಕರು. ನುಸಿ ಬಂದು ಕೆಲವೇ ಗಂಟೆಗಳಲ್ಲಿ ಚರ್ಮದ ಜೀವಕೋಶಗಳ ಕೆಲಸ ಬದಲಾಗುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಬಿಳಿ ಕಣಗಳು ದಂಡು ದಂಡಾಗಿ ಅಲ್ಲಿಗೆ ಬಂದು ಸೇರುತ್ತವೆ. ಆಗ ಹೊರಗೆ ನೋಡಿದರೆ ಕುರಿಗೆ ಏನೂ ಆಗಿಲ್ಲ. ನೆಮ್ಮದಿಯಾಗಿ ಮೇಯುತ್ತಾ ಇರುತ್ತದೆ. ಒಳಗೆ ಮಾತ್ರ ಯುದ್ಧ ಶುರುವಾಗಿರುತ್ತದೆ.

ಇದನ್ನು ಹತ್ತಿರದಿಂದ ನೋಡಿದವರು ಸ್ಕಾಟ್ಲೆಂಡಿನವರು. ಅದು ಬ್ರಿಟನ್ನಿಗೆ ಸೇರಿದ, ಚಳಿ ಹೆಚ್ಚಿರುವ ಕುರಿ ನಾಡು. ಅಲ್ಲಿ ಎಡಿನ್‌ಬರೋ ಪಟ್ಟಣದ ಹತ್ತಿರ ಮೊರ್‌ಡನ್ ಎಂಬ ಸಂಶೋಧನಾ ಸಂಸ್ಥೆ ಇದೆ. ಕುರಿ ದನ ಸಾಕುವ ರೈತರೇ ಸೇರಿ 1920ರಲ್ಲಿ ಅದಕ್ಕೆ ತಳಪಾಯ ಹಾಕಿದರು ಎಂಬುದು ನಮಗೆ ಬಹಳ ಮೆಚ್ಚುಗೆಯಾದ ವಿಷಯ. 2010ರ ಆಸುಪಾಸಿನಲ್ಲಿ ಅಲ್ಲಿನ ವಿಜ್ಞಾನಿಗಳು ಕುರಿಯ ಮೈಮೇಲೆ ನುಸಿ ಬಿಟ್ಟು, ಮೊದಲ 24 ಗಂಟೆಯಲ್ಲಿ ಚರ್ಮದಲ್ಲಿ ಏನೇನಾಗುತ್ತದೆ ಎಂದು ಪರೀಕ್ಷೆ ಮಾಡಿದರು. ಚರ್ಮದ ಜೀವಕೋಶಗಳು ಎಷ್ಟು ಬೇಗ ಎಚ್ಚರಗೊಳ್ಳುತ್ತವೆ ಎಂಬುದು ಅದರಿಂದ ತಿಳಿಯಿತು.

ಈಗ ಯುದ್ಧದ ಕತೆ ಮುಂದೆ ಕೇಳಿ. ಸೈನಿಕರು ಬರಬೇಕಾದರೆ ದಾರಿ ಬಿಡಬೇಕಲ್ಲ? ರಕ್ತನಾಳಗಳು ಹಿಗ್ಗಿ ಸಡಿಲವಾಗುತ್ತವೆ. ಅಲ್ಲಿ ಬಿಸಿ ಏರುತ್ತದೆ. ಕೆಂಪಾಗುತ್ತದೆ. ಸಡಿಲವಾದ ನಾಳದಿಂದ ನೀರೂ ಹೊರಗೆ ಸೋರುತ್ತದೆ. ಚರ್ಮದಲ್ಲಿ ಮೊದಲೇ ಕಾದು ಕುಳಿತ ಇನ್ನೊಂದು ಬಗೆಯ ಕಣಗಳು ತುರಿಕೆ ತರುವ ರಸ ಬಿಡುತ್ತವೆ. ಬಿಳಿ ಕಣಗಳು ಶತ್ರುವಿಗೆಂದು ಎರಚಿದ ವಿಷ ಪಕ್ಕದ ಚರ್ಮದ ಜೀವಕೋಶಗಳನ್ನೂ ಸುಡುತ್ತದೆ. ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆಯುತ್ತವೆ. ರಸಿಕೆ ಹೊರಗೆ ಬರುತ್ತದೆ. ರಸಿಕೆ ಒಣಗಿ ಹಕ್ಕಳೆಯಾಗುತ್ತದೆ. ಅಡಿಯ ಸಾಲಿನ ಜೀವಕೋಶಗಳು ಗಾಯ ಮುಚ್ಚಲೆಂದು ಅವಸರದಲ್ಲಿ ಹೆಚ್ಚು ಹೆಚ್ಚು ಹುಟ್ಟುತ್ತವೆ. ಅದರಿಂದ ಚರ್ಮ ದಪ್ಪಗಾಗಿ ಮಡಿಕೆ ಬೀಳುತ್ತದೆ. ತುಪ್ಪಟದ ಬೇರು ಸಡಿಲವಾಗಿ ಉದುರುತ್ತದೆ.

ಇಷ್ಟೆಲ್ಲ ಆಗಿ ನುಸಿ ಸತ್ತಿತೇ?

ಸಾಯಲಿಲ್ಲ. ಅದು ಊಟಕ್ಕೆ ಕುಳಿತಿದೆ!

ಯಾಕೆಂದರೆ ಮೇಲಿನ ನುಸಿಯ ಊಟ ಅದೇ. ಹೊರಗೆ ಸೋರಿದ ರಸಿಕೆ, ಕಿತ್ತುಹೋದ ಜೀವಕೋಶದ ಚೂರು, ಚರ್ಮದ ಜಿಡ್ಡು, ಅದರಲ್ಲಿ ಬೆಳೆಯುವ ಸಣ್ಣ ಕ್ರಿಮಿಗಳು, ಎಲ್ಲ ಕಲಸಿದ ಅಂಬಲಿ ಅದು. ನುಸಿಗೆ ಆಳಕ್ಕೆ ಚುಚ್ಚಲು ಬಾರದು. ಹಾಗಾಗಿ ಊಟ ತಾನಾಗಿ ಮೇಲೆ ಬರಬೇಕು. ಹಿಕ್ಕೆ ಹಾಕಿ ಚರ್ಮವನ್ನು ಕೆಣಕುತ್ತದೆ. ಚರ್ಮ ಸಿಟ್ಟಾಗುತ್ತದೆ. ಸಿಟ್ಟಾದ ಚರ್ಮ ರಸಿಕೆ ಸುರಿಸುತ್ತದೆ. ನುಸಿ ಕುಡಿಯುತ್ತದೆ, ಮೊಟ್ಟೆ ಇಡುತ್ತದೆ, ಮತ್ತೆ ಹಿಕ್ಕೆ ಹಾಕುತ್ತದೆ. ಒಂದು ಹಟ್ಟಿಯಲ್ಲಿ ನಾವು ಇದನ್ನು ಹೇಳಿದಾಗ ಒಬ್ಬ ಅಜ್ಜಿ, "ಅಂದ್ರೆ ಅಡುಗೆ ಮಾಡಿ ಬಡಿಸೋಳು ಕುರೀನೇ ಅನ್ನು" ಎಂದರು. ಅಷ್ಟೇ ವಿಷಯ. ಅಜ್ಜಿ ನಮ್ಮ ಅರ್ಧ ಗಂಟೆಯ ಮಾತನ್ನು ಒಂದು ಮಾತಿನಲ್ಲಿ ಮುಗಿಸಿದರು.

ಕುರಿ ಉಜ್ಜಿಕೊಂಡಷ್ಟೂ ಚರ್ಮ ಕಿತ್ತುಬರುತ್ತದೆ. ನುಸಿಗೆ ಇನ್ನೂ ಅನುಕೂಲ.

ಈಗ ಆ ತಾಯಿಯ ಪ್ರಶ್ನೆಗೆ ಹೋಗೋಣ. ಸೂಜಿ ಹಾಕಿಸಿದರೂ ಕಜ್ಜಿ ಯಾಕೆ ಹೋಗಲಿಲ್ಲ?

ಮೊದಲನೆಯದು, ಚರ್ಮದಲ್ಲಿ ಯುದ್ಧ ಶುರುವಾಗಿ ಎರಡು ಮೂರು ವಾರ ಹೊರಗೆ ಏನೂ ಕಾಣುವುದಿಲ್ಲ. ನುಸಿ ಕಡಿಮೆ ಇರುತ್ತದೆ, ಗಾಯ ಚಿಕ್ಕದಿರುತ್ತದೆ, ಮೇಲೆ ತುಪ್ಪಟ ಮುಚ್ಚಿರುತ್ತದೆ. ಸಂತೆಯಿಂದ ತಂದ ಕುರಿ ಉಜ್ಜುವ ಹೊತ್ತಿಗೆ ಪಕ್ಕದಲ್ಲಿ ಮಲಗಿದ ಕುರಿಗಳಿಗೂ ನುಸಿ ದಾಟಿತ್ತು. ಅವು ಉಜ್ಜುತ್ತಿರಲಿಲ್ಲ ಅಷ್ಟೇ. ಆಕೆ ಉಜ್ಜುವ ಕುರಿಗೆ ಮಾತ್ರ ಔಷಧ ಕೊಡಿಸಿದಳು. ಒಂದಕ್ಕೆ ಬಂದರೆ ರೊಪ್ಪದಲ್ಲಿರುವ ಎಲ್ಲ ಕುರಿಗೂ, ಮರಿಗೂ, ಟಗರಿಗೂ ಒಂದೇ ದಿನ ಔಷಧ ಆಗಬೇಕು.

ಎರಡನೆಯದು ಮೊಟ್ಟೆಯ ಮಾತು. ಐವರ್ಮೆಕ್ಟಿನ್ ಎಂಬ ಔಷಧದ ಸೂಜಿ ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಅದು ಓಡಾಡುವ ನುಸಿಯನ್ನು ಕೊಲ್ಲುತ್ತದೆ. ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊಟ್ಟೆ ಒಡೆದು ಬಂದ ಮರಿಗಳನ್ನು ಹಿಡಿಯಲು ಇನ್ನೊಂದು ಸೂಜಿ ಬೇಕು. ಮೇಲಿನ ನುಸಿಗಾದರೆ 7 ದಿನ ಬಿಟ್ಟು ಎರಡನೆಯದು. ಎಷ್ಟು ಔಷಧ ಎಂಬುದು ಕುರಿಯ ತೂಕದ ಮೇಲೆ ಹೋಗುತ್ತದೆ. ಅದನ್ನು ದನದ ಡಾಕ್ಟರೇ ಹೇಳಬೇಕು. ಕಣ್ಣಂದಾಜಿನಲ್ಲಿ ಕಡಿಮೆ ಹಾಕಿದರೆ ಗಟ್ಟಿ ನುಸಿಗಳು ಉಳಿದುಕೊಂಡು ಅವೇ ಮರಿ ಹಾಕುತ್ತವೆ. ಬ್ರಿಟನ್ನಿನಲ್ಲಿ ಈ ಜಾತಿಯ ಔಷಧಕ್ಕೆ ಸಾಯದ ನುಸಿಗಳು ಇವೆ ಎಂದು 2018ರಲ್ಲಿ ಪ್ರಕಟವಾಯಿತು.

ಮೂರನೆಯದು ರೊಪ್ಪ. ಕುರಿಯ ಮೈಯಿಂದ ಉದುರಿದ ತುಪ್ಪಟ, ಹಕ್ಕಳೆ, ಉಜ್ಜಿದ ಗೂಟ ಇವುಗಳಲ್ಲಿ ನುಸಿ ಊಟವಿಲ್ಲದೆ ಎರಡು ವಾರದ ಮೇಲೂ ಬದುಕಿರಬಲ್ಲದು. ತಂಪು, ತೇವ ಇದ್ದರೆ ಹೆಚ್ಚು ದಿನ. ಔಷಧ ಕೊಟ್ಟ ಕುರಿಯನ್ನು ಅದೇ ರೊಪ್ಪಕ್ಕೆ ಬಿಟ್ಟರೆ ಏನಾಗುತ್ತದೆ ಹೇಳಿ? ಆಗುವುದಾದರೆ 17 ದಿನ ಬೇರೆ ಜಾಗದಲ್ಲಿ ಕೂಡಬೇಕು. ಉದುರಿದ ತುಪ್ಪಟ ಗುಡಿಸಿ ಸುಡಬೇಕು. ಎಲ್ಲರಿಗೂ ಎರಡು ರೊಪ್ಪ ಇರುವುದಿಲ್ಲ, ನಮಗೆ ಗೊತ್ತು. ಹೊಲದಲ್ಲಿ ಮಂದೆ ನಿಲ್ಲಿಸುವ ಕಾಲದಲ್ಲಿ ಔಷಧ ಮಾಡಿಸಿದರೆ ಇದು ಸುಲಭ. ಹೇಗೂ ಆಗ ರೊಪ್ಪ ಖಾಲಿ.

ಇನ್ನು, ಸಂತೆಯಿಂದ ತಂದ ಕುರಿ. ಅದನ್ನು ಬಂದ ದಿನವೇ ಮಂದೆಗೆ ಸೇರಿಸಬಾರದು. ಮೂರು ವಾರವಾದರೂ ಬೇರೆ ಕಟ್ಟಿ ಮೇಯಿಸಿ. ಯಾಕೆ ಮೂರು ವಾರ ಎಂಬುದು ಈಗ ನಿಮಗೇ ಗೊತ್ತಾಯಿತು.

ಔಷಧ ಕೊಟ್ಟ ಮೇಲೂ ಕುರಿ ಕೆಲವು ದಿನ ಉಜ್ಜುತ್ತಾ ಇರುತ್ತದೆ. ಇಲ್ಲಿ ಬಹಳ ಜನ ಗಾಬರಿಯಾಗುತ್ತಾರೆ. "ಔಷಧ ಹತ್ತಲಿಲ್ಲ" ಎಂದು ಮತ್ತೆ ಇನ್ನೊಂದು, ಅದಾದ ಮೇಲೆ ಮತ್ತೊಂದು ಹಾಕಿಸುತ್ತಾರೆ. ಚರ್ಮದ ಜೀವಕೋಶಗಳನ್ನು ನೆನೆಯಿರಿ. ನುಸಿ ಸತ್ತಿದೆ. ಆದರೆ ಸತ್ತ ನುಸಿಯೂ ಅದರ ಹಿಕ್ಕೆಯೂ ಇನ್ನೂ ಅಲ್ಲೇ ಬಿದ್ದಿವೆ. ಜೀವಕೋಶಗಳು ಚೀಟಿ ಕಳಿಸುತ್ತಲೇ ಇವೆ. ಹಕ್ಕಳೆ ಎದ್ದು ಹೋಗಿ ಹೊಸ ಚರ್ಮ ಬರುವವರೆಗೆ ಸ್ವಲ್ಪ ತುರಿಕೆ ಇದ್ದದ್ದೇ. ತುರಿಕೆ ದಿನ ದಿನಕ್ಕೆ ಇಳಿಯುತ್ತಿದೆಯೇ ಎಂದು ನೋಡಿ. ಇಳಿಯುತ್ತಿದ್ದರೆ ತಾಳ್ಮೆ ಇರಲಿ. ಏರುತ್ತಿದ್ದರೆ ಡಾಕ್ಟರಿಗೆ ಹೇಳಿ.

ಇದರ ತಿರುಗಾಮುರುಗಾ ಕೂಡ ಉಂಟು. ಕೆಲವು ಕುರಿಗೆ ಗಾಯ ತಾನಾಗಿ ಒಣಗಿ, ತುಪ್ಪಟ ಮತ್ತೆ ಬಂದು, ವಾಸಿಯಾದ ಹಾಗೆ ಕಾಣುತ್ತದೆ. ಆದರೆ ನಾಲ್ಕಾರು ನುಸಿ ಕಿವಿಯ ಒಳಗೆ, ಕೊಂಬಿನ ಬುಡದಲ್ಲಿ, ತೊಡೆಸಂದಿಯಲ್ಲಿ ಅಡಗಿರುತ್ತವೆ. ಚಳಿ ಬಂದು, ತುಪ್ಪಟ ಬೆಳೆದು, ಕುರಿಗಳು ಒತ್ತೊತ್ತಾಗಿ ಮಲಗಿದಾಗ ಮತ್ತೆ ಹೊರಡುತ್ತವೆ. ಒಂದು ಸಲ ಕಜ್ಜಿ ಕಂಡ ಚರ್ಮ ಅದನ್ನು ಮರೆಯುವುದಿಲ್ಲ. ಎರಡನೇ ಸಲ ಬಂದರೆ ಬೇಗ ಎಚ್ಚರಗೊಳ್ಳುತ್ತದೆ, ಗಾಯ ಚಿಕ್ಕದಾಗಿರುತ್ತದೆ, ನುಸಿಯೂ ಕಡಿಮೆ. ಹಾಗಾಗಿ ಹಳೆ ಕುರಿ ಚೆನ್ನಾಗಿಯೇ ಕಾಣುತ್ತಾ ಹೊಸ ಮರಿಗಳಿಗೆ ನುಸಿ ಹಂಚುತ್ತಿರಬಹುದು. ಚರ್ಮಕ್ಕಿರುವ ಈ ನೆನಪನ್ನು ನಂಬಿಕೊಂಡೇ ಮೊರ್‌ಡನ್‌ನವರು ಲಸಿಕೆ ಮಾಡಲು ಬಹಳ ವರ್ಷದಿಂದ ದುಡಿಯುತ್ತಿದ್ದಾರೆ. ನುಸಿಯ ಮೈಯಿಂದ ಬರುವ ರಸವನ್ನು ಕುರಿಯ ರಕ್ತ ಗುರುತಿಸಿದೆಯೇ ಎಂದು ನೋಡುವ ರಕ್ತಪರೀಕ್ಷೆಯನ್ನಂತೂ ಮಾಡಿಯೇ ಬಿಟ್ಟರು. ಉಜ್ಜುವುದಕ್ಕೆ ಮುಂಚೆಯೇ ಕಜ್ಜಿ ಹಿಡಿಯಲು ಅದು ಅಲ್ಲಿನ ರೈತರಿಗೆ ಉಪಯೋಗವಾಗಿದೆ.

ಅದೇ ಬ್ರಿಟನ್ನಿನಲ್ಲಿ 1952ರಲ್ಲಿ ಈ ಕಜ್ಜಿಯನ್ನು ದೇಶದಿಂದಲೇ ಓಡಿಸಿದ್ದರು. ಎಲ್ಲ ಮಂದೆಯ ಕುರಿಗಳನ್ನೂ ಔಷಧದ ನೀರಿನಲ್ಲಿ ಅದ್ದಿ ತೆಗೆದು ಅದನ್ನು ಸಾಧಿಸಿದ್ದರು. 1973ರಲ್ಲಿ ಮತ್ತೆ ಹೊರಗಿನಿಂದ ಬಂತು. ಅದ್ದುವುದು ಕಡ್ಡಾಯ ಎಂಬ ಕಾನೂನನ್ನು 1992ರಲ್ಲಿ ತೆಗೆದರು. ಆಮೇಲೆ ಕಜ್ಜಿ ಎಲ್ಲ ಕಡೆ ಹರಡಿತು. ಆಸ್ಟ್ರೇಲಿಯಾದವರು ಮಾತ್ರ 1896ರಲ್ಲಿ ಓಡಿಸಿದ್ದನ್ನು ಮತ್ತೆ ಒಳಗೆ ಬಿಟ್ಟುಕೊಂಡಿಲ್ಲ. ನಮ್ಮ ಹಟ್ಟಿಗೂ ಇದೇ ಲೆಕ್ಕ. ಪಕ್ಕದ ಮನೆಯ ಮಂದೆ ಬಿಟ್ಟು ನಿಮ್ಮ ಮಂದೆಗೆ ಮಾತ್ರ ಔಷಧ ಮಾಡಿದರೆ, ಮೇಯುವ ಬಯಲಿನಲ್ಲಿ ಎರಡೂ ಮೈಗೆ ಮೈ ತಾಗಿಸುತ್ತವೆ. ಸಂಘದಲ್ಲಿ ಮಾತಾಡಿ ಹಟ್ಟಿಯವರೆಲ್ಲ ಒಂದೇ ವಾರದಲ್ಲಿ ಮಾಡಿಸುವುದು ಒಳ್ಳೆಯದು. ಪಶು ಆಸ್ಪತ್ರೆ ದೂರ ಇದ್ದರೆ 1962ಕ್ಕೆ ಫೋನ್ ಮಾಡಿ ಕೇಳಬಹುದು. ಹಟ್ಟಿಯ ಎಲ್ಲ ಕುರಿಯ ಲೆಕ್ಕ ಬರೆದುಕೊಂಡೇ ಫೋನ್ ಮಾಡಿ.

ಅದ್ದುವ ಔಷಧ, ಮೈಗೆ ಸುರಿಯುವ ಔಷಧ ವಿಷ. ಕುರಿಗೂ ವಿಷ, ನಮಗೂ ವಿಷ. ಬರಿಗೈಯಲ್ಲಿ ಕಲಸಬಾರದು. ಬಸುರಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಹತ್ತಿರ ಇರಬಾರದು. ಉಳಿದ ನೀರನ್ನು ಕೆರೆಗೆ, ಹಳ್ಳಕ್ಕೆ ಚೆಲ್ಲಬಾರದು. ಔಷಧ ಕೊಟ್ಟ ಕುರಿಯನ್ನು ಎಷ್ಟು ದಿನ ಮಾಂಸಕ್ಕೆ ಮಾರಬಾರದು, ಎಷ್ಟು ದಿನ ಹಾಲು ಕುಡಿಯಬಾರದು ಎಂದು ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಕೆಲವರು ಗಾಡಿಯ ಸುಟ್ಟ ಆಯಿಲ್ ಬಳಿಯುತ್ತಾರೆ. ಅದು ಬೇಡ. ಗಾಯದ ಚರ್ಮಕ್ಕೆ ಅದು ಇನ್ನೊಂದು ಗಾಯ. ಹೊಂಗೆ ಎಣ್ಣೆ, ಬೇವಿನ ಎಣ್ಣೆ ಹಚ್ಚಿದರೆ ಹಕ್ಕಳೆ ಮೆತ್ತಗಾಗುತ್ತದೆ. ಆದರೆ ಇಡೀ ಮೈಯ ತುಪ್ಪಟದಲ್ಲಿ ಅಡಗಿದ ನುಸಿಯನ್ನು ಅದು ಮುಟ್ಟಲಾರದು.

ಕೊರೆಯುವ ನುಸಿಯ ಮಾತು ಉಳಿಯಿತು. ಅದರ ಗುಣವೇ ಬೇರೆ. ಅದು ಚರ್ಮವನ್ನು ಕೆಣಕುವ ಬದಲು ಮೊದಮೊದಲು ಮಲಗಿಸುತ್ತದೆ. ಜೀವಕೋಶಗಳು ಚೀಟಿ ಕಳಿಸದಂತೆ ತಡೆಯುವ ರಸ ಬಿಡುತ್ತದೆ. ಸದ್ದಿಲ್ಲದೆ ಸುರಂಗ ತೋಡಿ ಮೊಟ್ಟೆ ಇಡುತ್ತದೆ.

ಇದನ್ನು ನಾವು ಯಾಕೆ ಒತ್ತಿ ಹೇಳುತ್ತೇವೆ ಗೊತ್ತೇ? ಮನುಷ್ಯರ ಕಜ್ಜಿ ತರುವುದೂ ಇದೇ ಜಾತಿಯ ನುಸಿ. ನಿಮ್ಮ ಮಗುವಿನ ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಹೊಕ್ಕುಳ ಸುತ್ತ ಆಗುವ ಕಜ್ಜಿ. ಮೊದಲ ಸಲ ಹತ್ತಿದವರಿಗೆ 4ರಿಂದ 6 ವಾರ ತುರಿಕೆಯೇ ಇರುವುದಿಲ್ಲ. ಅಷ್ಟರಲ್ಲಿ ಒಂದೇ ಕಂಬಳಿಯಲ್ಲಿ ಮಲಗಿದವರಿಗೆಲ್ಲ ದಾಟಿರುತ್ತದೆ. ಅದಕ್ಕೇ ಆರೋಗ್ಯ ಕೇಂದ್ರದವರು "ಮನೆಯವರೆಲ್ಲ ಒಂದೇ ದಿನ ಮುಲಾಮು ಹಚ್ಚಿಕೊಳ್ಳಿ, ತುರಿಕೆ ಇಲ್ಲದವರೂ ಹಚ್ಚಿಕೊಳ್ಳಿ" ಎನ್ನುವುದು. ಬಹಳ ಮನೆಗಳಲ್ಲಿ ಗಂಡಸರು "ನನಗೇನಾಗಿದೆ?" ಎಂದು ಬಿಟ್ಟುಬಿಡುತ್ತಾರೆ. ಮೂರು ವಾರಕ್ಕೆ ಮಗುವಿಗೆ ಮತ್ತೆ ಬರುತ್ತದೆ. ಬೈಗುಳ ಮಾತ್ರ ತಾಯಿಗೆ.

ಕುರಿಯ ಕಜ್ಜಿ ನಮಗೆ ಹತ್ತುತ್ತದೆಯೇ ಎಂದು ಎಲ್ಲ ಕಡೆ ಕೇಳುತ್ತಾರೆ. ಮೇಲಿನ ನುಸಿ ಮನುಷ್ಯರ ಮೈಯಲ್ಲಿ ಬದುಕುವುದಿಲ್ಲ. ಕುರಿಯ ಕೊರೆಯುವ ನುಸಿ ಕೈಗೆ ಬಂದರೆ ಕೆಲವು ದಿನ ತುರಿಸಬಹುದು. ಆದರೆ ಅಲ್ಲಿ ಸಂಸಾರ ಹೂಡುವುದಿಲ್ಲ. ನಮ್ಮ ಕಜ್ಜಿ ನುಸಿ ನಮ್ಮದು, ಕುರಿಯದು ಕುರಿಯದು. ಕುರಿಯ ಔಷಧವನ್ನು ಮಕ್ಕಳಿಗೆ ಮಾತ್ರ ಎಂದಿಗೂ ಹಚ್ಚಬೇಡಿ.

ಈಗ ಮಾತು ಸಾಕು. ಹೊರಗೆ ಹುಣಿಸೇ ಮರದ ಕೆಳಗೆ ಒಂದು ಕುರಿ ಕಟ್ಟಿದ್ದಾರೆ. ಅದರ ಬೆನ್ನಿನ ಗಾಯದ ಹತ್ತಿರ ಕೈಯಲ್ಲಿ ಮೆಲ್ಲಗೆ ಕೆರೆಯಿರಿ. ಅದು ತಲೆ ಎತ್ತಿ ತುಟಿ ಚಪ್ಪರಿಸುತ್ತದೆಯೇ ನೋಡಿ. ಚಪ್ಪರಿಸಿದರೆ ಅಲ್ಲಿ ನುಸಿ ಇದೆ ಎಂದು ಅನುಮಾನ ಪಡಬೇಕು. ಆದರೆ ಹೇನು ಇದ್ದರೂ ಹಾಗೆ ಮಾಡಬಹುದು. ಖಚಿತ ಮಾಡಿಕೊಳ್ಳಲು ಚರ್ಮ ಕೆರೆದು ನೋಡಬೇಕು. ನಡುವಿನ ಒಣ ಹಕ್ಕಳೆ ಕೆರೆದರೆ ಏನೂ ಸಿಗುವುದಿಲ್ಲ. ಗಾಯದ ಅಂಚಿನಲ್ಲಿ, ಹಸಿಯಾಗಿ ಕೆಂಪಗೆ ಇರುವಲ್ಲಿ ಕೆರೆಯಬೇಕು. ಊಟ ಇರುವುದು ಅಲ್ಲಿ. ಕೆರೆದದ್ದನ್ನು ಕಪ್ಪು ಬಟ್ಟೆಯ ಮೇಲೆ ಹಾಕಿ ಸ್ವಲ್ಪ ಹೊತ್ತು ಬಿಸಿಲಲ್ಲಿ ಇಟ್ಟರೆ ಸಣ್ಣ ಬಿಳಿ ಚುಕ್ಕೆಗಳು ನಡೆಯುವುದು ಕಾಣುತ್ತದೆ. ಭೂತಗನ್ನಡಿ ನಾವು ತಂದಿದ್ದೇವೆ. ಕಪ್ಪು ಬಟ್ಟೆ ಯಾರ ಮನೆಯಲ್ಲಿದೆ?